ಬೆಳಗಿನ ಬಿಸಿಲಿಗೆ ಬೆನ್ನು ಮಾಡಿದ ಗುಡಿ

ಧನುರ್ಮಾಸ ಬಂತೆಂದರೆ ಮದುವೆ ಫೋಟೋ ತೆಗೆಯುವ ನಮ್ಮಂಥವರ ಕೈ ಖಾಲಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಲಿಂಗಸುಗೂರಿನ ನನ್ನ ಸ್ಟುಡಿಯೋಗೆ ಪಾಸ್‌ಪೋರ್ಟ್ ಸೈಜ್ ಫೋಟೋದವರನ್ನು ಬಿಟ್ಟರೆ ಯಾರೂ ಬರುವುದಿಲ್ಲ. ವರ್ಷವೆಲ್ಲಾ ಅಕ್ಷತೆ, ತಾಳಿ, ಊಟದ ಪಂಕ್ತಿ ತೆಗೆದೂ ತೆಗೆದೂ ನನಗೂ ಬೇಸರ, ಕ್ಯಾಮೆರಾಕ್ಕೂ ಬೇಸರ. ಹಾಗಾಗಿ ಈ ಒಂದು ತಿಂಗಳು ಇಬ್ಬರೂ ಹೊಲದ ಕಡೆ ಹೋಗುತ್ತೇವೆ.

ಹೋದ ಡಿಸೆಂಬರಿನಲ್ಲಿ ಒಬ್ಬರು ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಫೋಟೋ ತೆಗೆಸಲು ಬಂದಿದ್ದರು. ಮುದಗಲ್ ಕಡೆಯ ಒಂದು ಹಳ್ಳಿಯ ಉಪದೇಶಿ. ಚರ್ಚಿನ ಬೀಗದ ಕೈ ಇಟ್ಟುಕೊಂಡು, ಮಕ್ಕಳಿಗೆ ಜಪ ಕಲಿಸಿಕೊಂಡು, ಫಾದರ್ ಬಾರದ ದಿನ ಊರಿನವರನ್ನು ಕೂಡಿಸಿ ಪ್ರಾರ್ಥನೆ ನಡೆಸುವವರಿಗೆ ನಮ್ಮ ಕಡೆ ಉಪದೇಶಿ ಅನ್ನುತ್ತಾರೆ. ಗೋಡೆ ಮೇಲೆ ನೇತು ಹಾಕಿದ್ದ ನನ್ನ ಇಟಗಿ ಗುಡಿಯ ಫೋಟೋ ನೋಡಿ, "ನಮ್ಮೂರಾಗೂ ಒಂದು ಹಳೇ ಗುಡಿ ಐತ್ರಿ. ನಮ್ಮ ಮುತ್ಯಾನ ಕಾಲಕ್ಕ ಹಳೇದಿತ್ತಂತ. ಯಾರೂ ಫೋಟೋ ತಗಿಯಂಗಿಲ್ಲ" ಅಂದರು. ಗುಡಿ ಅಂದದ್ದು ಚರ್ಚಿಗೆ. ಕೂಡಲೇ ಇನ್ನೊಂದು ಮಾತು ಸೇರಿಸಿದರು: "ಊರ ಹೆಸರು ಮಾತ್ರ ಎಲ್ಲೂ ಹಾಕಬ್ಯಾಡ್ರಿ ಸರ್." ಹಿಂದೆ ಯಾರೋ ಹುಡುಗರು ಬಂದು ಬಲಿಪೀಠದ ಮುಂದೆ ಕುಣಿದು ರೀಲ್ಸ್ ಮಾಡಿದ್ದರಂತೆ. ಅದಕ್ಕೇ ಇಲ್ಲಿ ಊರಿನ ಹೆಸರಿಲ್ಲ.

ಮುದಗಲ್ ಎಂದರೆ ಎಲ್ಲರಿಗೂ ನೆನಪಾಗುವುದು ಕೋಟೆ, ಇಲ್ಲಾಂದ್ರೆ ಮೊಹರಂ. ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಕಡೆ ತಿರುಗಿ ನೋಡುವವರು ಕಡಿಮೆ. ಜೆಸ್ಯೂಟ್ ಪಾದ್ರಿಗಳು 1557ಕ್ಕೂ ಮೊದಲೇ ಅದನ್ನು ಕಟ್ಟಿದರೆಂದು ಗೆಜೆಟಿಯರಿನಲ್ಲಿದೆ. ವಿಜಯನಗರ ಸೋತ ರಕ್ಕಸತಂಗಡಿ ಯುದ್ಧ ನಡೆದದ್ದು 1565ರಲ್ಲಿ. ಅಂದರೆ ಹಂಪಿಯ ಪೇಟೆ ಇನ್ನೂ ಗಿಜಿಗುಡುತ್ತಿದ್ದಾಗಲೇ ಕೃಷ್ಣಾ ತುಂಗಭದ್ರೆ ನಡುವಿನ ನಮ್ಮ ಸೀಮೆಯಲ್ಲಿ ಶಿಲುಬೆ ನಿಂತಿತ್ತು. ಅಂಥ ಊರಿನ ಪಕ್ಕದ ಹಳ್ಳಿಯಲ್ಲಿ ಸಣ್ಣದೊಂದು ಚರ್ಚ್ ಇದೆ ಅಂದರೆ ನೋಡದೆ ಇರುವುದು ಹೇಗೆ?

ಕ್ರಿಸ್‌ಮಸ್ ಮುಗಿದು ಎರಡು ದಿನಕ್ಕೆ ಮೊದಲ ಬಸ್ ಹಿಡಿದೆ. ರಸ್ತೆಯಲ್ಲಿಳಿದು ಹೊಲದ ದಾರಿಯಲ್ಲಿ ಐದು ಕಿಲೋಮೀಟರ್ ನಡಿಗೆ. ಇನ್ನೂ ಕತ್ತಲು, ಕೈಯಲ್ಲಿ ಮೊಬೈಲ್ ಟಾರ್ಚ್. ಎರಡೂ ಕಡೆ ಕರಿ ಮಣ್ಣಿನ ಎರಿ ಹೊಲ. ಒಂದು ಕಡೆ ಆಳೆತ್ತರದ ಜೋಳ, ಇನ್ನೊಂದು ಕಡೆ ಕಡಲೆ. ಬೇಗ ಮುಟ್ಟಬೇಕೆಂದು ಕಡಲೆ ಹೊಲದಲ್ಲಿ ಅಡ್ಡ ಬಿದ್ದೆ. ಅದೇ ತಪ್ಪಾಯಿತು. ಚಳಿಗಾಲದ ಬೆಳಗಿನಲ್ಲಿ ಕಡಲೆ ಗಿಡದ ಮೇಲಿರುವುದು ಬರೀ ಇಬ್ಬನಿಯಲ್ಲ, ಹುಳಿ. ಗಿಡವೇ ಆ ಹುಳಿ ಬಿಡುತ್ತದೆ. ಹಿಂದೆಲ್ಲಾ ರಾತ್ರಿ ಹೊಲದಲ್ಲಿ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಸೀಸೆಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವಿಗೆ ಮನೆಮದ್ದು. ಮೊಣಕಾಲವರೆಗೆ ಪ್ಯಾಂಟು ನೆನೆದು ಸ್ವಲ್ಪ ಹೊತ್ತಿಗೆ ಕಾಲು ಚುರುಚುರು ಅನ್ನತೊಡಗಿತು. ಟ್ರೈಪಾಡಿನ ಕಾಲೂ ಅಂಟಂಟು. ನನ್ನ ಹಾಗೆ ಯಾರಾದರೂ ಕಡಲೆ ಹೊಲ ದಾಟುವವರಿದ್ದರೆ ಒಂದು ಮಾತು: ಕೈ ಒರೆಸಿದ ಬಟ್ಟೆಯಿಂದಲೇ ಲೆನ್ಸ್ ಒರೆಸಬೇಡಿ. ಲೆನ್ಸಿಗೆ ಬೇರೆ ಬಟ್ಟೆ, ಅದೂ ಅಂಗಿಯ ಮೇಲಿನ ಜೇಬಿನಲ್ಲಿ.

ಊರು ಮುಟ್ಟಿದಾಗ ಆರೂಮುಕ್ಕಾಲು. ಆ ದಿನಗಳಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷ ಇದ್ದಾಗ. ಬೇವಿನ ಮರದ ಪಕ್ಕ ಚರ್ಚು ಕಂಡಿತು. ದೊಡ್ಡದೇನಲ್ಲ. ದಪ್ಪ ಕಲ್ಲಿನ ಗೋಡೆ, ಗಾರೆ ಗಿಲಾವು, ಮೇಲೆ ಹೊಸ ಸುಣ್ಣ. ಮುಂಭಾಗದಲ್ಲಿ ಕಮಾನಿನ ಬಾಗಿಲು, ಅದರ ಮೇಲೆ ಗಂಟೆ ತೂಗುವ ಸಣ್ಣ ಗೋಪುರ, ತುದಿಗೆ ಶಿಲುಬೆ. ಶಿಲುಬೆಗೆ ಕಟ್ಟಿದ್ದ ಕ್ರಿಸ್‌ಮಸ್ ನಕ್ಷತ್ರ ಇನ್ನೂ ಇತ್ತು. ಕ್ಯಾಮೆರಾ ತೆಗೆದು ನಿಂತೆ. ಸೂರ್ಯ ಹುಟ್ಟಿತು. ಚರ್ಚಿನ ಹಿಂದಿನಿಂದ!

ಇಷ್ಟು ವರ್ಷ ನಾನು ತೆಗೆದ ಗುಡಿಗಳೆಲ್ಲಾ ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿದವು. ಕೊಪ್ಪಳ ಕಡೆಯ ಇಟಗಿಯ ಮಹಾದೇವ ಗುಡಿ 1112ರಲ್ಲಿ ಕಟ್ಟಿದ್ದು. ಅಲ್ಲಿ ಬೆಳಿಗ್ಗೆ ಹೋಗಿ ನಿಂತರೆ ಸಾಕು, ಬಿಸಿಲೇ ಎಲ್ಲಾ ಮಾಡಿಕೊಡುತ್ತದೆ. ಅದೇ ರೂಢಿಯಲ್ಲಿ ಇಲ್ಲಿಗೂ ಬಂದಿದ್ದೆ. ಆದರೆ ಹಳೇ ಚರ್ಚುಗಳಲ್ಲಿ ಲೆಕ್ಕ ಉಲ್ಟಾ. ಪ್ರಾರ್ಥನೆಗೆ ನಿಂತವರು ಪೂರ್ವಕ್ಕೆ ಮುಖ ಮಾಡಬೇಕು, ಆದ್ದರಿಂದ ಬಲಿಪೀಠ ಪೂರ್ವದ ಗೋಡೆಗೆ, ಬಾಗಿಲು ಪಶ್ಚಿಮಕ್ಕೆ. ಎಲ್ಲಾ ಚರ್ಚುಗಳೂ ಹೀಗೇ ಅಲ್ಲ, ಜಾಗ ಸಿಕ್ಕಂತೆ ಕಟ್ಟಿದವೂ ಇವೆ. ಇದು ಮಾತ್ರ ರೂಢಿ ಬಿಟ್ಟಿರಲಿಲ್ಲ. ನಾಲ್ಕು ಗಂಟೆಗೆ ಎದ್ದು ಬಂದವನಿಗೆ ಬೆನ್ನು ತೋರಿಸಿಕೊಂಡು ನಿಂತಿತ್ತು.

ಆದರೂ ಬಿಡಲಿಲ್ಲ, ಮುಂಭಾಗವನ್ನೇ ಹತ್ತಾರು ಸಲ ಹೊಡೆದೆ. ಪರದೆ ಮೇಲೆ ನೋಡಿದರೆ ಸುಣ್ಣದ ಗೋಡೆ ನೀಲಿ ಶಾಮಿಯಾನದ ಕೆಳಗೆ ಕೂತ ಮದುಮಗಳ ಹಾಗೆ ನೀಲಿ. ನೆರಳಿನಲ್ಲಿರುವ ಬಿಳಿ ಗೋಡೆಗೆ ಬೆಳಕು ಕೊಡುವುದು ಸೂರ್ಯ ಅಲ್ಲ, ಆಕಾಶ. ವೈಟ್ ಬ್ಯಾಲೆನ್ಸನ್ನು ನೆರಳಿನ ಗುರುತಿಗೆ ತಿರುಗಿಸಿದರೆ ಬಣ್ಣ ಸರಿ ಹೋಗುತ್ತದೆ. ಜೀವ ಬರುವುದಿಲ್ಲ. ಸಿಟ್ಟಿಗೆ ಚರ್ಚನ್ನು ಒಂದು ಸುತ್ತು ಹಾಕಿ, ನಾಲ್ಕೂ ಗೋಡೆಗೆ ನಾಲ್ಕು ನಾಲ್ಕು ಫ್ರೇಮ್ ಸುಮ್ನೆ ಕ್ಲಿಕ್ಕಿಸಿದೆ. ಉಪದೇಶಿ ಬೇರೆ ಊರಿಗೆ ಹೋಗಿದ್ದರು, ಬೀಗ ಹಾಕಿತ್ತು. ಒಂಬತ್ತಕ್ಕೆಲ್ಲಾ ವಾಪಸ್ ಹೊರಟೆ. ರಸ್ತೆಗೆ ಬಂದು ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿ ತಿಂದ ಮೇಲೆ ಮನಸ್ಸು ಸ್ವಲ್ಪ ತಿಳಿಯಾಯಿತು.

ರಾತ್ರಿ ಕಂಪ್ಯೂಟರಿಗೆ ಹಾಕಿದಾಗ ಇನ್ನೊಂದು ಎಡವಟ್ಟು ಗೊತ್ತಾಯಿತು. ಎಲ್ಲಾ ಫೋಟೋಗಳಲ್ಲೂ ರವೆ ಚೆಲ್ಲಿದ ಹಾಗೆ ಕಾಳುಕಾಳು. ಹಿಂದಿನ ತಿಂಗಳ ಕೊನೆಯ ರಿಸೆಪ್ಷನ್ನಿಗೆ ಇಟ್ಟಿದ್ದ ಐಎಸ್‌ಒ 3200 ಹಾಗೇ ಉಳಿದಿತ್ತು. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವ ಅಂಕಿ ಅದು, ಹೆಚ್ಚಿದಷ್ಟೂ ಕಾಳು ಹೆಚ್ಚು. ಇಷ್ಟು ವರ್ಷ ಇದೇ ಕೆಲಸ ಮಾಡಿ ಹೊಟ್ಟೆ ತುಂಬಿಸಿಕೊಂಡವನು ನಾನು! ಈಗ ಮನೆ ಬಿಡುವ ಮುಂಚೆ ಐಎಸ್‌ಒ, ಬ್ಯಾಟರಿ, ಕಾರ್ಡ್ ಮೂರನ್ನೂ ಬಾಯಿಬಿಟ್ಟು ಹೇಳಿಕೊಂಡೇ ಹೊರಡುತ್ತೇನೆ. ಮಗ ನಗುತ್ತಾನೆ, ನಗಲಿ.

ಎಲ್ಲವನ್ನೂ ಅಳಿಸಿಬಿಡೋಣ ಅಂತ ಒಂದೊಂದೇ ನೋಡುತ್ತಾ ಹೋದೆ. ದಕ್ಷಿಣದ ಗೋಡೆಯ ಫೋಟೋ ಬಂತು. ಬರೀ ಬಿಳಿ ಗೋಡೆ, ಮೇಲೆ ಎರಡು ಸಣ್ಣ ಕಿಟಕಿ. ಅಳಿಸುವ ಬಟನ್ ಮೇಲೆ ಬೆರಳಿತ್ತು. ಆಗ ಕಿಟಕಿಗಳ ನಡುವೆ, ಸುಣ್ಣದ ಒಳಗಿನಿಂದ ಒಂದು ಗೆರೆ ಕಂಡಿತು. ತೆಳ್ಳಗೆ, ಬಿಲ್ಲಿನಂತೆ ಬಾಗಿತ್ತು. ಎರಡೂ ತುದಿ ನೆಟ್ಟಗೆ ನೆಲದ ಕಡೆ ಇಳಿದಿದ್ದವು. ಕಾಂಟ್ರಾಸ್ಟ್ ಹೆಚ್ಚಿಸಿದೆ. ಕಾಳುಗಳೂ ಹೆಚ್ಚಾದವು, ಆದರೆ ಗೆರೆ ಹೋಗಲಿಲ್ಲ. ಅದು ಕಮಾನು. ಅಲ್ಲೊಂದು ಬಾಗಿಲು ಇತ್ತು, ಯಾರೋ ಮುಚ್ಚಿದ್ದರು.

ಕಣ್ಣಿಗೆ ಬೀಳದ್ದು ಫೋಟೋದಲ್ಲಿ ಹೇಗೆ ಬಿತ್ತು ಅಂತ ಕೂತು ಯೋಚಿಸಿದೆ. ಮುಚ್ಚಿದ ಬಾಗಿಲಿನ ಮೇಲೆ ವರ್ಷ ವರ್ಷ ಸುಣ್ಣ ಬಳಿದರೆ ಬಣ್ಣದ ವ್ಯತ್ಯಾಸ ಉಳಿಯುವುದಿಲ್ಲ. ಉಳಿಯುವುದು ಏರುತಗ್ಗು ಒಂದೇ, ಅದೂ ಒಂದು ಜೋಳದ ಕಾಳಿನಷ್ಟು. ಎದುರಿನಿಂದ ಬಿದ್ದ ಬೆಳಕಿಗೆ ಅದು ಕಾಣುವುದಿಲ್ಲ. ಬೆಳಕು ಗೋಡೆಯನ್ನು ಸವರಿಕೊಂಡು ಹೋದರೆ ಆ ಕಾಳಿಗೂ ನೆರಳು ಬೀಳುತ್ತದೆ. ಶಾಸನ ಓದುವವರು ಇದೇ ಉಪಾಯ ಮಾಡುತ್ತಾರೆ, ಕತ್ತಲಲ್ಲಿ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿಯುತ್ತಾರೆ. ಸವೆದುಹೋದ ಅಕ್ಷರಕ್ಕೂ ನೆರಳು ಹುಟ್ಟುತ್ತದೆ. ಇಲ್ಲಿ ಟಾರ್ಚ್ ಹಿಡಿದದ್ದು ಸೂರ್ಯ.

ಅದೂ ಚಳಿಗಾಲದ ಸೂರ್ಯ. ಡಿಸೆಂಬರ್ ಕೊನೆಯಲ್ಲಿ ನಮ್ಮ ರಾಯಚೂರು ಸೀಮೆಯಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದಿಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಆಗ ದಕ್ಷಿಣದ ಗೋಡೆಗೆ ಬಿಸಿಲು ಓರೆಯಾಗಿ ಸವರುತ್ತದೆ. ಮಾರ್ಚ್ ಮೂರನೇ ವಾರ ದಾಟಿದರೆ ಸೂರ್ಯ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಎಳೆಬಿಸಿಲು ಆ ಗೋಡೆಗೆ ತಾಗುವುದೇ ಇಲ್ಲ. ಜೂನ್ ತಿಂಗಳಲ್ಲಂತೂ ನಡುಮಧ್ಯಾಹ್ನದಲ್ಲೂ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಸುಮ್ಮನೆ ಸುತ್ತು ಹಾಕಿದ್ದಕ್ಕೆ, ಅದೂ ಸರಿಯಾದ ತಿಂಗಳು ಸರಿಯಾದ ಗಳಿಗೆಯಲ್ಲಿ ಹಾಕಿದ್ದಕ್ಕೆ, ಸಿಕ್ಕ ಗೆರೆ ಅದು.

ಮೂರು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಹಿಂದಿನ ದಿನವೇ ಉಪದೇಶಿಗೆ ಫೋನ್ ಮಾಡಿದ್ದೆ. ಕಡಲೆ ಹೊಲಕ್ಕೆ ಕಾಲಿಡಲಿಲ್ಲ, ಬಂಡಿದಾರಿ ಹಿಡಿದೆ. ಮಂಜೂ ಇರಲಿಲ್ಲ. ಇದು ಮುಖ್ಯ. ಮಂಜು ಚೆನ್ನಾಗಿ ಕಾಣುತ್ತದೆ ಅಂತ ನಾವೆಲ್ಲಾ ಓಡುತ್ತೇವೆ, ಆದರೆ ಮಂಜಿನಲ್ಲಿ ಬೆಳಕು ಎಲ್ಲಾ ಕಡೆಯಿಂದ ಬರುತ್ತದೆ, ಗೋಡೆಯ ಮೈಕಟ್ಟು ಅಳಿಸಿಹೋಗುತ್ತದೆ. ಈ ಕೆಲಸಕ್ಕೆ ಸ್ವಚ್ಛ ಆಕಾಶ ಬೇಕು.

ಗೋಡೆಗೆ ನೇರ ಎದುರಾಗಿ ಟ್ರೈಪಾಡ್ ಇಟ್ಟೆ. ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್/8. ಬಿಳಿ ಗೋಡೆಗೆ ಕ್ಯಾಮೆರಾದ ಮೀಟರ್ ಮೋಸ ಹೋಗುತ್ತದೆ ಅನ್ನುವುದು ಮದುವೆ ಫೋಟೋದವರಿಗೆಲ್ಲಾ ಗೊತ್ತು. ಬಿಳಿ ಸೀರೆ, ಬಿಳಿ ಪಂಚೆ ಕಂಡರೂ ಅದು ಎಲ್ಲವನ್ನೂ ಬೂದಿ ಬಣ್ಣಕ್ಕೆ ಎಳೆಯುತ್ತದೆ. ಸಾಮಾನ್ಯವಾಗಿ ಒಂದು, ಒಂದೂವರೆ ಸ್ಟಾಪ್ ಬೆಳಕು ಹೆಚ್ಚು ಕೊಡಬೇಕು (ಒಂದು ಸ್ಟಾಪ್ ಹೆಚ್ಚು ಅಂದರೆ ಬೆಳಕು ದುಪ್ಪಟ್ಟು). ಇಲ್ಲಿ ಮಾತ್ರ ನಾನು ಅರ್ಧ ಸ್ಟಾಪಿಗೇ ನಿಲ್ಲಿಸಿದೆ. ಸುಣ್ಣ ಪೂರ್ತಿ ಬೆಳ್ಳಗಾದರೆ ಆ ತೆಳು ನೆರಳು ಅದರಲ್ಲೇ ಮುಳುಗುತ್ತದೆ. ಕಂಪ್ಯೂಟರಿನಲ್ಲಿ ಆಮೇಲೆ ಬೆಳ್ಳಗೆ ಮಾಡಬಹುದು, ಸುಟ್ಟುಹೋದ ಬಿಳಿಯನ್ನು ತಿರುಗಿ ತರಲಾಗದು. ಮೊಬೈಲಿನಲ್ಲಿ ತೆಗೆಯುವವರು ಗೋಡೆ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪವೇ ಮೇಲೆ ಎಳೆದರೆ ಅದೇ ಕೆಲಸ ಆಗುತ್ತದೆ.

ಬಿಸಿಲು ಬಿತ್ತು. ಮೊದಲು ಗೋಡೆಯೆಲ್ಲಾ ಕೆಂಪು. ಆಮೇಲೆ ನಿಧಾನಕ್ಕೆ ಬಂಗಾರ. ಗೆರೆ ಎದ್ದಿತು, ಈಗ ಕಣ್ಣಿಗೇ ಕಾಣುತ್ತಿತ್ತು. ಕಮಾನಿನ ಕಲ್ಲುಗಳು ಒಂದೊಂದಾಗಿ ಎಣಿಸಲು ಬಂದವು, ಒಂಬತ್ತು. ನಡುವಿನದು ಸ್ವಲ್ಪ ದೊಡ್ಡದು. ಕೆಳಗೆ ಒಂದು ಕಡೆ ಸಿಮೆಂಟ್ ತೇಪೆ, ಅದರ ಸುತ್ತ ಉಪ್ಪು ಎದ್ದು ಗಿಲಾವು ಹೊಪ್ಪಳಿಸಿತ್ತು. ಹಳೇ ಗಾರೆ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿ ಸಿಗದೆ ಹೀಗೇ ಆಗುವುದು. ಏಳೂವರೆ ಹೊತ್ತಿಗೆ ಗೆರೆ ಮಸುಕಾಯಿತು. ಎಂಟಕ್ಕೆ ನೋಡಿದರೆ ಬರೀ ಸುಣ್ಣದ ಗೋಡೆ.

ಉಪದೇಶಿ ಪಕ್ಕದಲ್ಲೇ ನಿಂತಿದ್ದರು. "ನಾ ಹುಟ್ಟಿದಾಗಿಂದ ಇದಾ ಊರಾಗ ಅದೀನಿ, ಒಮ್ಮೆರ ಕಂಡಿಲ್ಲ ನೋಡ್ರಿ" ಅಂದರು. ಏಳು ಗಂಟೆಗೆ ಅವರು ಎಮ್ಮೆ ಹಿಂಡುತ್ತಿರುತ್ತಾರೆ, ಅವರದೇನು ತಪ್ಪು?

ಮುಂಭಾಗಕ್ಕೆ ಒಳ್ಳೆ ಬಿಸಿಲು ಬರಲು ಸಂಜೆಯಾಗಬೇಕು. ಈ ಸಲ ಕಾಯುವುದೆಂದೇ ಬಂದಿದ್ದೆ. ಮಧ್ಯಾಹ್ನ ಅವರ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಊಟವಾದ ಮೇಲೆ ಬೀಗ ತೆಗೆದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಬಲಿಪೀಠದ ಮೆಟ್ಟಿಲು ಹತ್ತುವುದಿಲ್ಲ, ಫ್ಲಾಶ್ ಹೊಡೆಯುವುದಿಲ್ಲ ಅಂತ ನಾನೇ ಮೊದಲು ಹೇಳಿದೆ. ಕೇಳುವ ಮುಂಚೆ ಹೇಳಿದರೆ ಮನೆಯವರಿಗೆ ನಿರಾಳ.

ಒಳಗೆ ಎರಡು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ಅವನ್ನು ಆರಿಸಲು ಕೇಳಿದೆ. ಅವರಿಗೆ ಆಶ್ಚರ್ಯ, ಫೋಟೋಕ್ಕೆ ಲೈಟು ಬೇಡವಾ ಅಂತ. ಟ್ಯೂಬಿನ ಬೆಳಕು ಹಸಿರು, ಕಿಟಕಿಯದು ನೀಲಿ, ಎರಡೂ ಸುಣ್ಣದ ಗೋಡೆಯ ಮೇಲೆ ಜಗಳಾಡುತ್ತವೆ. ಆರಿಸಿ ಬಾಗಿಲು ತೆರೆದ ಮೇಲೆ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕಾಯಿತು. ಆಮೇಲೆ ಗೋದಲಿ ಕಂಡಿತು, ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ. ನಿಜವಾದ ಜೋಳದ ಕಣಿಕೆಯ ಗುಡಿಸಲು, ಎರಿ ಮಣ್ಣಿನ ಎತ್ತು, ಹತ್ತಿಯ ಕುರಿ. ಬೆತ್ಲೆಹೇಮಿನ ಎತ್ತಿಗೆ ಕೊಂಬಣಸು, ಕೊರಳಿಗೆ ಗೆಜ್ಜೆ. ಟ್ರೈಪಾಡ್ ಮೇಲೆ ಅರ್ಧ ಸೆಕೆಂಡ್ ಹಿಡಿದು ಒಂದು, ಕಿಟಕಿಗಾಗಿ ಎರಡು ಸ್ಟಾಪ್ ಕಡಿಮೆ ಇನ್ನೊಂದು, ಮೂಲೆಯ ಕತ್ತಲಿಗಾಗಿ ಎರಡು ಸ್ಟಾಪ್ ಜಾಸ್ತಿ ಮತ್ತೊಂದು. ಮೂರನ್ನೂ ಮನೆಯಲ್ಲಿ ಕೂಡಿಸಿದೆ. ಆದರೆ ಜಾಸ್ತಿ ಕೂಡಿಸಬೇಡಿ. ಕತ್ತಲಿದ್ದ ಕಡೆ ಕತ್ತಲು ಇರಲಿ, ಇಲ್ಲಾಂದ್ರೆ ಚರ್ಚು ಹೋಗಿ ಬಟ್ಟೆ ಅಂಗಡಿ ಆಗುತ್ತದೆ.

ನಾಲ್ಕೂವರೆಯಿಂದ ಮುಂಭಾಗ ಬೆಳಗತೊಡಗಿತು. ಈಗ ಬೇರೆ ತೊಂದರೆ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ವಾಲುತ್ತದೆ, ಕುಡಿದವನು ಗೋಡೆಗೆ ಒರಗಿದ ಹಾಗೆ. ಹಿಂದೆ ಹೋಗೋಣವೆಂದರೆ ಬೇವಿನ ಮರ ಅಡ್ಡ. ಕಟ್ಟಡದ ಅರ್ಧ ಎತ್ತರಕ್ಕೆ ಕ್ಯಾಮೆರಾ ಒಯ್ದು, ಮೇಲೂ ಕೆಳಗೂ ಬಾಗಿಸದೆ ನೆಟ್ಟಗೆ ಹಿಡಿದರೆ ಗೋಡೆಯೂ ನೆಟ್ಟಗೆ ನಿಲ್ಲುತ್ತದೆ. ಮದುವೆ ಮನೆಯಲ್ಲಾದರೆ ಏಣಿ ಇರುತ್ತದೆ. ಇಲ್ಲಿ ತೊಗರಿ ಕಟ್ಟಿಗೆ ತುಂಬಿದ ಟ್ರ್ಯಾಲಿ ನಿಂತಿತ್ತು. ಟ್ರ್ಯಾಕ್ಟರಿನ ಹುಡುಗನಿಗೆ ಕೇಳಿದೆ. "ಹತ್ರಿ ಅಣ್ಣಾ, ಬಿದ್ರ ನನಗ ಅನಬ್ಯಾಡ್ರಿ" ಅಂದ. ಕಟ್ಟಿಗೆ ರಾಶಿ ಮೇಲೆ ಟ್ರೈಪಾಡ್ ನಿಲ್ಲಲಿಲ್ಲ, ಕೈಯಲ್ಲೇ ಹಿಡಿದು 1/250 ಸೆಕೆಂಡಿನಲ್ಲಿ ಹೊಡೆದೆ. 24 ಎಂಎಂ ಲೆನ್ಸ್, ಕ್ಯಾಮೆರಾ ಮಟ್ಟಸ. ತೊಗರಿ ಕಟ್ಟಿಗೆ ಚುಚ್ಚಿ ಅಂಗೈಯಲ್ಲಿ ರಕ್ತ ಬಂದದ್ದು ಇಳಿದ ಮೇಲೆ ಗೊತ್ತಾಯಿತು.

ಆರಕ್ಕೆ ಸೂರ್ಯ ಮುಳುಗುವ ಸ್ವಲ್ಪ ಮುಂಚೆ ಬಾಗಿಲಿನಿಂದ ಬಿಸಿಲು ಒಳಗೆ ಹೋಯಿತು. ಬಲಿಪೀಠದವರೆಗೆ ಹೋಗುತ್ತದೆ ಅಂದುಕೊಂಡಿದ್ದೆ, ಹೋಗಲಿಲ್ಲ. ಮುಳುಗುವಾಗಲೂ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಪಟ್ಟಿ ಎಡಗಡೆ ಗೋಡೆಗೆ ಹೊಡೆದು ನಿಂತಿತು. ಮಾರ್ಚ್ ಮತ್ತು ಸೆಪ್ಟೆಂಬರ್ ಇಪ್ಪತ್ತೊಂದು, ಇಪ್ಪತ್ತೆರಡರ ಆಸುಪಾಸಿನಲ್ಲಿ ನೇರ ಹೋಗಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಸಂಕ್ರಾಂತಿಗೆ ಮುಂಚೆ ಪ್ರಿಂಟ್ ಮಾಡಿಸಿಕೊಂಡು ಹೋದೆ. ಮುಂಭಾಗದ್ದು ದೊಡ್ಡದು, ಚೌಕಟ್ಟು ಹಾಕಿಸಿದ್ದು. ದಕ್ಷಿಣ ಗೋಡೆಯದು ಸಣ್ಣದು. ಊರಿನವರಿಗೆಲ್ಲಾ ದೊಡ್ಡದೇ ಇಷ್ಟವಾಯಿತು, ನಮ್ಮ ಗಂಟೆ ನೋಡ್ರಿ, ನಮ್ಮ ನಕ್ಷತ್ರ ನೋಡ್ರಿ ಅಂತ. ಉಪದೇಶಿಯ ತಾಯಿ ಮಾತ್ರ ಸಣ್ಣದನ್ನು ಹಿಡಿದು ಕೂತರು. ವಯಸ್ಸು ಎಂಬತ್ತರ ಮೇಲೆ. ಕನ್ನಡಕ ತರಿಸಿಕೊಂಡು ಕಮಾನಿನ ಮೇಲೆ ಬೆರಳಾಡಿಸಿದರು.

"ಈ ಬಾಗಲ ಮುಚ್ಚಿ ಭಾಳ ವರ್ಷ ಆತು ತಮ್ಮಾ. ಗ್ವಾಡಿ ಬಾಯಿ ಬಿಟ್ಟಿತ್ತಂತ ಕಲ್ಲ ಹಾಕಿ ಮುಚ್ಚಿದ್ರು. ನಾ ಮದುವಿ ದಿನ ಇದಾ ಬಾಗಲದಾಗ ಹಾದು ಒಳಗ ಹೋಗೀನಿ."

"ಮದುವಿ ಫೋಟೋ ಐತೇನು ಅವ್ವಾ?" ಅಂದೆ. ಅಭ್ಯಾಸ, ಬಾಯಿಗೆ ಅದೇ ಬರುತ್ತದೆ.

"ಅವಾಗೆಲ್ಲಿ ಫೋಟೋ!"

ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಏಳಕ್ಕೆ ಅವ್ವ ಇಳಕಲ್ ಸೀರೆ ಉಟ್ಟು, ಕಿವಿ ಮುಚ್ಚಿ ಶಾಲು ಹೊದ್ದು ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತರು. ಕಮಾನು ಸರಿಯಾಗಿ ಅವರ ತಲೆಯ ಮೇಲೆ ಬಂತು. ಎಳೆಬಿಸಿಲು ಓರೆಯಾಗಿ ಕಣ್ಣಿಗೇ ಹೊಡೆಯುತ್ತಿತ್ತು. ಐದು ಫ್ರೇಮ್ ತೆಗೆದೆ, ಐದರಲ್ಲೂ ಕಣ್ಣು ಮುಚ್ಚಿವೆ. ಶಾಲು ತೆಗೀರಿ ಅಂದರೆ ಚಳಿ ಅಂದರು. ಮೂರನೆಯದರಲ್ಲಿ ಸ್ವಲ್ಪ ನಕ್ಕಿದ್ದಾರೆ, ಅದನ್ನೇ ಪ್ರಿಂಟಿಗೆ ಕೊಟ್ಟಿದ್ದೇನೆ.